ಇಟಲಿಯ ಕುರ್ಚಿಗೆ ವಾರ್ನಿಷ್

ವಾರ್ನಿಷ್ ವಾಸನೆ ಬಂದರೆ ಈಗಲೂ ಐರ್ಲೆಂಡಿನ ಲೆಟರ್‌ಕೆನ್ನಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ನರ್ಸಿಂಗ್ ಹೋಮ್ ಸೇರಿದ ಪಕ್ಕದ ಮನೆಯ ಐರಿಷ್ ಅಜ್ಜಿ, ಸ್ವಂತ ಕೋಣೆ ಸಿಗುವವರೆಗೆ ಇರಲಿ ಎಂದು ತೀರಿಕೊಂಡ ಗಂಡನ ಕುರ್ಚಿಯನ್ನು ನಮ್ಮಲ್ಲಿ ಬಿಟ್ಟಿದ್ದರು. ಇಟಲಿಯ ಹಳೆಯ ವಾಸ್ತುಶಿಲ್ಪಿಯೊಬ್ಬ ರೂಪಿಸಿದ ಕುರ್ಚಿ ಅದು. ಎರಡು ಬೆರಳಲ್ಲಿ ಎತ್ತಬಹುದಿತ್ತು. ಅದರ ಬೆನ್ನುಪಟ್ಟಿಯಲ್ಲಿ ಅಜ್ಜಿಯ ಗಂಡನ ಕೈ ಸವೆಸಿದ ಗುರುತಿತ್ತು.

ದೀಪಾವಳಿಗೆ ಮರದ ಸಾಮಾನಿಗೆಲ್ಲ ಹೊಳಪು ಕೊಡುವುದು ನಮ್ಮ ಮನೆಯ ರೂಢಿ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಅಪ್ಪ ಆ ಕುರ್ಚಿಯನ್ನೂ ಮರಳುಕಾಗದದಿಂದ ನುಣ್ಣಗೆ ಉಜ್ಜಿ ವಾರ್ನಿಷ್ ಬಳಿದರು.

"ಅಜ್ಜಿಗೆ ಎಷ್ಟು ಖುಷಿಯಾಗುತ್ತೆ ನೋಡ್ತಿರು," ಎಂದರು.

ಕುರ್ಚಿ ಒಯ್ಯಲು ಬಂದ ಅಜ್ಜಿ ಬೆನ್ನುಪಟ್ಟಿಯ ಮೇಲೆ ಮೂರು ಸಲ ಬೆರಳಾಡಿಸಿದರು.

"ಗ್ರ್ಯಾಂಡ್," ಎಂದರು; ಅಲ್ಲಿಯವರ ಮಾತಿನಲ್ಲಿ 'ಪರವಾಗಿಲ್ಲ' ಅಂತಷ್ಟೇ. ಕೈ ಹಿಂತೆಗೆದು, "ಇಲ್ಲೇ ಇರಲಿ. ಕೂತ್ಕೊಳ್ಳಿ ಡಾಕ್ಟ್ರೇ, ಸುಸ್ತಾಗಿದ್ದೀರಿ," ಎಂದು ಹೊರಟರು.

ಅಪ್ಪ ಕೂತು ಅಮ್ಮನಿಗೆ ಹೇಳಿದರು: "ನೋಡ್ದ್ಯಾ? ನಮಗೇ ಕೊಟ್ಟುಬಿಟ್ರು!"