ಚೀಟಿಯಲ್ಲಿದ್ದ ಪದ

ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದರೆ ತಾಂಡೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಜ್ವರದಿಂದ ಸುಡುತ್ತಿದ್ದ ತಮ್ಮನನ್ನು ಹೆಗಲಿಗೆ ಹಾಕಿಕೊಂಡಿದ್ದ ಅವ್ವ, ಡಾಕ್ಟರ್ ಕೊಟ್ಟ ಚೀಟಿಯನ್ನು ನನ್ನ ಕೈಗಿತ್ತು, “ಏನ್ ಬರದಾರ, ಓದು,” ಎಂದಳು. ಹೈದರಾಬಾದಿಗೆ ಒಯ್ಯುವುದು ‘ಇಂಪೆರೇಟಿವ್’ ಎಂದಿತ್ತು. ಆ ಪದ ಗೊತ್ತಿಲ್ಲವೆನ್ನಲು ನಾಚಿ ‘ಇಂಪಾರ್ಟೆಂಟ್’ ಎಂದು ಓದಿದೆ.

“ಮುಖ್ಯ ಅಂತವ್ವಾ.”

“ಹಂಗಾರ ನಾಳಿ ನಿಮ್ಮಪ್ಪ ಬಂದಮ್ಯಾಲ ಹೋಗೋಣ.”

ಔಷಧಿ ಕೊಳ್ಳುವಾಗ ಅವ್ವ ಅದನ್ನೇ ಹೇಳಿದಳು; ಅಂಗಡಿಯವರು ಚೀಟಿ ನೋಡಿ ಗಾಬರಿಯಾದರು. “ಮುಖ್ಯ ಅಂತಲ್ಲರಿ, ಹೋಗಲೇಬೇಕು ಅಂತ ಬರದಾರ. ಈಗೇ ಹೊಂಡ್ರಿ.”

ರೈಲಿನಲ್ಲಿ ಅವ್ವ ನನ್ನತ್ತ ನೋಡಲೇ ಇಲ್ಲ.

ಮೂರನೆಯ ದಿನ ಆಸ್ಪತ್ರೆಯಲ್ಲಿ ತಮ್ಮ ಕಣ್ಣು ಬಿಟ್ಟು ನೀರು ಕೇಳಿದ. “ಹೊತ್ತಿಗೆ ಸರಿಯಾಗಿ ಬಂದೀರಿ. ಆ ಚೀಟಿ ಯಾರು ಓದಿದ್ರು?” ಎಂದು ಅಪ್ಪ ಕೇಳಿದಾಗ ಅವ್ವ, “ನಿಮ್ಮ ಮಗಳೇರಿ,” ಎಂದಳು. ಅಪ್ಪ ನನ್ನ ತಲೆ ಸವರಿದ. ನಾನು ಅಳತೊಡಗಿದೆ.