ಇಳಿಯುವ ಪುಟ

ಶಾಲಾ ಬಸ್ಸಿನ ಆ್ಯಪ್‌ಗೆ ಕೈಪಿಡಿ ಬೇಕಿತ್ತು. ಆ್ಯಪ್ ಕಟ್ಟಿದ ಮೇಡಂ ಕೋಡಿನ ನಡುವೆ ಹಿಂದೆಯೇ ಬರೆದಿಟ್ಟಿದ್ದ ಕಮೆಂಟುಗಳನ್ನು, ಅಂದರೆ ವಿವರಣೆಯ ಸಾಲುಗಳನ್ನು, ಹೆಕ್ಕಿ ಪುಟ ಮಾಡಿಕೊಡುವ ಟೂಲನ್ನು ತನ್ಮಯಿ ಓಡಿಸಿದಳು. ಸಂಜೆಯೊಳಗೆ ಕೈಪಿಡಿ ಶಾಲೆಗಳಿಗೆ ಹೋಗಬೇಕು.

“ನಿಮಗೆ ಬೇರೆ ಹೆಸರೇ ಸಿಗಲಿಲ್ವಾ ಮೇಡಂ? ಎಲ್ಲಾ ಉದಾಹರಣೆಗೂ ಇಂಚರಾನೇ! ಇಂಚರ ಬಸ್ ಹತ್ತಿದಳು, ಇಂಚರ ಕಿಟಕಿ ಪಕ್ಕ ಕೂತಳು...”

ಮೇಡಂ ನಕ್ಕರು. “ಅವಳಿಗೆ ಕಿಟಕೀನೇ ಬೇಕಿತ್ತು ಕಣೇ.”

“ಆದ್ರೆ ಮಗು ಬಸ್ಸಿಂದ ಇಳಿಯೋ ಭಾಗದ ಕೋಡ್‌ಗೆ ಕಮೆಂಟೇ ಇಲ್ಲ. ಆ ಪುಟ ಖಾಲಿ ಬಂದಿದೆ. ಒಂದೇ ಒಂದು ಸಾಲು ಬರೀರಿ.”

ಮೇಡಂ ಕೀಲಿಮಣೆಯ ಮೇಲೆ ಬೆರಳಿಟ್ಟರು. ಹಾಗೇ ಹಿಂದೆ ತೆಗೆದುಕೊಂಡರು. “ನನ್ನ ಕೈಲಿ ಆಗ್ತಿಲ್ಲ. ನೀನೇ ಬರಿ.”

ತನ್ಮಯಿ ಬರೆದಳು: ‘ಇಂಚರ ಮನೆ ಮುಂದೆ ಇಳಿದಳು. ಅಮ್ಮನಿಗೆ ಸಂದೇಶ ಹೋಯಿತು.’ ಟೂಲ್ ಮತ್ತೆ ಓಡಿತು. ಪುಟ ತುಂಬಿತು.

“ಈಗ ಸರಿಯಾಯ್ತಾ ಮೇಡಂ?”

ಮೇಡಂ ಆ ಸಾಲನ್ನು ಬಹಳ ಹೊತ್ತು ಓದಿದರು. ಆಮೇಲೆ ತಮ್ಮ ಫೋನ್ ಎತ್ತಿಕೊಂಡರು. ಪರದೆಯ ಮೇಲೆ, ಮಸುಕಾದ ಹಳೆಯ ಫೋಟೊದಲ್ಲಿ, ಯೂನಿಫಾರ್ಮಿನ ಪುಟ್ಟ ಹುಡುಗಿಯೊಬ್ಬಳು ಶಾಲಾ ಬಸ್ಸಿನ ಕಿಟಕಿಯಿಂದ ಕೈ ಬೀಸುತ್ತಿದ್ದಳು.

“ಇಲ್ಲ ಕಣೇ,” ಎಂದರು ಮೇಡಂ. “ನನಗಿನ್ನೂ ಸಂದೇಶ ಬಂದಿಲ್ಲ.”