ತೇಜೂಳ ಮೊದಲ ಮಾತು

"ಬಜೆ ಬೇರು ತೇದು ನಾಲಿಗಿಗೆ ನೆಕ್ಕಸು. ಎಂಟ ದಿನದಾಗ ಮಾತು ಬರತೈತಿ ನೋಡು," ಎಂದ ನಾಮದೇವ.

ಹತ್ತು ಗಂಟೆಯ ಚಹಾ ಬಿಡುವು. ಇಚಲಕರಂಜಿಯ ಮಗ್ಗದ ಶೆಡ್ಡಿನ ಎದುರು, ಚಹಾ ಗಾಡಿಯ ಬಳಿ ನಾಲ್ವರು ನಿಂತಿದ್ದರು. ಒಬ್ಬರ ಮೈಗೊಬ್ಬರು ತಾಗುವಂತೆ ನಿಂತಿದ್ದರೂ ಕೂಗಿಯೇ ಮಾತಾಡುತ್ತಿದ್ದರು. ದಿನವಿಡೀ ವಿದ್ಯುತ್ ಮಗ್ಗಗಳ ನಡುವೆ ದುಡಿಯುವವರ ಗಂಟಲು ಹೊರಗೆ ಬಂದರೂ ತಗ್ಗುವುದಿಲ್ಲ. ಮಾತು ಅವರಲ್ಲೊಬ್ಬನಾದ ಧನಾಜಿಯ ಮಗಳು ತೇಜೂಳದ್ದು. ಮೂರು ವರ್ಷ ತುಂಬಿದರೂ ಹುಡುಗಿ ಅಪ್ಪನನ್ನು ಇನ್ನೂ 'ಬಾಬಾ' ಎಂದು ಕರೆದಿರಲಿಲ್ಲ.

"ಬೇರು ಗೀರು ಏನೂ ಬ್ಯಾಡ," ಎಂದ ಶಬ್ಬೀರ. "ನನ್ನ ಸಣ್ಣಾವ ನಾಕ ವರ್ಷ ಬಾಯಿ ತೆರೀಲಿಲ್ಲ. ತೆರದ ದಿನಾ ಅಂದದ್ದೇನು? 'ಪಾವ್'! ಈಗ ಆ ಬಾಯಿ ಮುಚ್ಚಸೂದ ದೊಡ್ಡ ಕೆಲಸಾ ಆಗೇತಿ."

"ನನ್ನ ಮಗಳ ಮೊದಲ ಮಾತು 'ಬ್ಯಾಡ'. ಥೇಟ್ ಅವರವ್ವನ ಹಂಗ," ಎಂದು ನಕ್ಕ ನಾಮದೇವ, ಧನಾಜಿಯ ಕಡೆ ತಿರುಗಿದ. "ಖರೇ ಹೇಳ್ಲೇನು ಧನಾ? ತಪ್ಪು ನಿಂದ ಐತಿ. ಮನ್ಯಾಗ ಮೂಗಬಸವನ ಹಂಗ ಕುಂತರ ಕೂಸು ಯಾರನ್ನ ನೋಡಿ ಕಲೀಬೇಕು? ಅಪ್ಪ ಆದಾವ ಬಡಬಡ ಮಾತಾಡ್ತಿರಬೇಕು."

ಈ ಮಾತು ಧನಾಜಿಗೆ ನಾಟಿತು. ಅವನು ಮಾತಾಡದೆ ಉಳಿದಿದ್ದನೇ? ಮಾತಾಡಿದ್ದ, ಹಾಡಿದ್ದ, ನಾಯಿ ಬೆಕ್ಕಿನ ಹಾಗೆ ಕೂಗಿದ್ದ. ಕೊನೆಗೆ ಅನುಮಾನ ಬಂದು, ಮಗಳ ಬೆನ್ನ ಹಿಂದೆ ನಿಂತು ತಟ್ಟೆ ಬಡಿದಿದ್ದ. ಅವಳು ತಿರುಗಿರಲಿಲ್ಲ. ಮೊನ್ನೆ ಮಿರಜಿನ ಡಾಕ್ಟರು ಹೇಳಿದ್ದನ್ನು ಅವನು ಇವರಲ್ಲಿ ಯಾರಿಗೂ ಹೇಳಿರಲಿಲ್ಲ.

"ಅಕಿಗೆ ಕಿವಿ ಕೇಳೂದಿಲ್ಲೋ!" ಎಂದ. ರಸ್ತೆಯ ಆಚೆ ಹೋಗುತ್ತಿದ್ದವರೂ ತಿರುಗಿ ನೋಡಿದರು. "ಹುಟ್ಟಿದಾಗಿಂದಾನೂ ಕೇಳಸಿಲ್ಲಂತ. ಕಿವೀಗೆ ಮಶಿನ್ ಹಾಕಬೇಕು, ಬ್ಯಾರೆ ಸಾಲಿಗೆ ಕಳಸಬೇಕು ಅಂದಾರ. ಕಳಸ್ತೇನಿ. ಅಲ್ಲೀ ತನಕಾ ನಾ ಅಕಿ ಜೊತಿ ಹೆಂಗ ಮಾತಾಡ್ಲಿ? ಅದನ್ನ ಹೇಳ್ರಿ. ಅದಕ್ಕೇನರ ಬೇರು ಐತೇನು?"

ನಾಮದೇವ ತನ್ನ ಲೋಟದೊಳಗೇ ನೋಡುತ್ತ ನಿಂತ. ನಾಲ್ವರಲ್ಲಿ ಹಿರಿಯ, ಐದು ಮಕ್ಕಳನ್ನು ದಡ ಸೇರಿಸಿದ ಕೊಂಡಿಬಾ ಕಾಕಾ ಮೊದಲಿನಿಂದಲೂ ಬಾಯಿ ಬಿಟ್ಟಿರಲಿಲ್ಲ. ಈಗಲೂ ಅವನು ಅಂದದ್ದು ಇಷ್ಟೇ: "ನಡೀರಿ, ವ್ಯಾಳೆ ಆತು." ಇವನಾದರೂ ಒಂದು ಮಾತು ಹೇಳಬಾರದಿತ್ತೇ ಎಂದು ಧನಾಜಿಗೆ ಕೆಡುಕೆನಿಸಿತು.

ಮಗ್ಗಗಳು ಶುರುವಾದವು. ಶೆಡ್ಡಿನೊಳಗೆ ಕಿವಿಯ ಹತ್ತಿರ ಬಂದು ಕಿರುಚಿದರೂ ಕೇಳದು. ಅಲ್ಲಿ ಏನಿದ್ದರೂ ಕೈಯದೇ ಮಾತು. ಮೀಸೆ ತಿರುವಿದರೆ ಮಾಲಕ ಬಂದ ಎಂದರ್ಥ. ಎರಡು ತೋರುಬೆರಳು ಕೂಡಿಸಿ ಫಟ್ಟನೆ ಅಗಲಿಸಿದರೆ ನಿನ್ನ ಮಗ್ಗದಲ್ಲಿ ಎಳೆ ಹರಿದಿದೆ ಎಂದರ್ಥ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಒಳಗೆ ಬಂದವರು ನೋಡಿ ನೋಡಿ ಕಲಿಯುತ್ತಾರೆ.

ಮಧ್ಯಾಹ್ನ ಹೆಂಡತಿ ರೂಪಾಲಿ ಊಟದ ಡಬ್ಬಿ ತಂದಳು. ದಿನವೂ ಅವಳ ಬೆನ್ನು ಹತ್ತಿ ಬರುವ ತೇಜೂ ಎಂದಿನಂತೆ ಬಾಗಿಲ ಕಟ್ಟೆಯ ಮೇಲೆ ಕುಳಿತಳು. ಬೇರೆಯವರ ಮಕ್ಕಳು ಈ ಸದ್ದಿಗೆ ಅತ್ತು ಓಡಿಹೋಗುತ್ತವೆ, ನನ್ನ ಮಗಳಿಗೆ ಮಾತ್ರ ಹೆದರಿಕೆಯೇ ಇಲ್ಲ ಎಂದು ಧನಾಜಿ ಎಷ್ಟು ಸಲ ಬೀಗಿದ್ದ! ಅದು ನೆನಪಾಗಿ ಮಗ್ಗಕ್ಕೆ ಬೆನ್ನು ಮಾಡಿ ಅವಳನ್ನೇ ನೋಡುತ್ತ ನಿಂತುಬಿಟ್ಟ.

ಶೆಡ್ಡಿನ ಆ ತುದಿಯಿಂದ ಕೊಂಡಿಬಾ ಅವನಿಗೆ ಕೈ ಮಾಡುತ್ತಿದ್ದ. ಧನಾಜಿ ನೋಡಲಿಲ್ಲ. ತೇಜೂ ನೋಡಿದಳು. ಕಟ್ಟೆಯಿಂದ ಇಳಿದು, ಅಪ್ಪನ ಮುಂದೆ ನಿಂತು, ತನ್ನ ಪುಟ್ಟ ತೋರುಬೆರಳು ಎರಡನ್ನೂ ಕೂಡಿಸಿ ಫಟ್ಟನೆ ಅಗಲಿಸಿದಳು. ಅಪ್ಪ ಕಣ್ಣು ಬಿಟ್ಟುಕೊಂಡು ನಿಂತದ್ದನ್ನು ನೋಡಿ ಸಿಟ್ಟು ಬಂತೇನೋ, ಇನ್ನೊಮ್ಮೆ ಮಾಡಿ, ಅವನ ಹಿಂದಿನ ಮಗ್ಗದತ್ತ ಬೆರಳು ತೋರಿಸಿದಳು.

ಧನಾಜಿ ತಿರುಗಿದ. ಎಳೆ ಹರಿದು ಬಟ್ಟೆಯ ಮೇಲೆ ಗೆರೆ ಮೂಡಿತ್ತು. ಮಗ್ಗ ನಿಲ್ಲಿಸಿ, ದೂರದಲ್ಲಿದ್ದ ಕೊಂಡಿಬಾನ ಮುಖ ನೋಡಿದ. ಮುದುಕ ಹುಡುಗಿಯ ಕಡೆ ಕೈ ತೋರಿಸಿದ: ನನ್ನನ್ನೇನು ನೋಡುತ್ತೀ, ಅವಳ ಜೊತೆ ಮಾತಾಡು.

ಧನಾಜಿ ಹೆದರುತ್ತಲೇ ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಹುಬ್ಬು ಹಾರಿಸಿದ. ಊಟ ಆಯಿತೇ? ತೇಜೂ ಇಲ್ಲವೆಂದು ತಲೆಯಾಡಿಸಿದಳು. ಹೊಟ್ಟೆ ತಟ್ಟಿಕೊಂಡಳು. ಆಮೇಲೆ ಶೆಡ್ಡಿನ ಗಂಡಸರು ದಿನವೂ ಒಬ್ಬರನ್ನೊಬ್ಬರು ಕೇಳುವ ಹಾಗೆಯೇ, ಅವನತ್ತ ಗಲ್ಲ ಎತ್ತಿ ಕೇಳಿದಳು: ನಿಂದು? ಹರಿದ ಎಳೆ ಕಟ್ಟಲು ಧನಾಜಿಗೆ ಬಹಳ ಹೊತ್ತು ಬೇಕಾಯಿತು. ಕಣ್ಣು ತುಂಬಿ ಎಳೆ ಕಾಣುತ್ತಿರಲಿಲ್ಲ.

ಮರುದಿನ ಚಹಾ ಗಾಡಿಯ ಬಳಿ ಶಬ್ಬೀರ ಅವನ ಬೆನ್ನ ಮೇಲೊಂದು ಗುದ್ದಿದ. "ಏನೋ ಧನಾ, ಮಗಳು ಮಾತಾಡಿದ್ಲಂತ! ಮೊದಲ ಏನಂದ್ಲು ಹೇಳೋ."

ಧನಾಜಿ ಚಹಾದ ಲೋಟವನ್ನು ಗಾಡಿಯ ಮೇಲಿಟ್ಟ. ಹೇಳಲು ಎರಡೂ ಕೈ ಬೇಕಿದ್ದವು.